ಮೊದಲು ಪೆಟ್ರೋಲಿನ ದಾರಿ, ಆಮೇಲೆ ಬಣ್ಣ



ಹಳೆಯ ಕಾರನ್ನು ರಿಪೇರಿ ಮಾಡಿ ಮತ್ತೆ ರಸ್ತೆಗಿಳಿಸುವ ಹವ್ಯಾಸ ನಮ್ಮವರಲ್ಲಿ ಬೆಳೆಯುತ್ತಿದೆ. ಊರಿನ ಕೊಟ್ಟಿಗೆಯ ಪಕ್ಕ ಅಜ್ಜ ಓಡಿಸಿದ ಅಂಬಾಸಡರ್ ನಿಂತಿರಬಹುದು. ಕೊಲ್ಲಿಯಲ್ಲಿರುವವರಿಗೆ ಎರಡು ಸೀಟಿನ ಹಳೆಯ ಸ್ಪೋರ್ಟ್ಸ್ ಕಾರೊಂದು ಅಗ್ಗಕ್ಕೆ ಸಿಕ್ಕಿರಬಹುದು. ಅಂಥ ಕಾರಿಗೆ ಕೈಹಾಕಿದವರಿಗೆ ಇವತ್ತು ನಾನು ಹೇಳಹೊರಟಿರುವುದು ಒಂದೇ ವಿಷಯ. ಅದು ಪೆಟ್ರೋಲ್ ಸೋರಿಕೆ. ಅದನ್ನು ಹೇಗೆ ಪತ್ತೆ ಮಾಡಬೇಕು, ಹೇಗೆ ನಿಲ್ಲಿಸಬೇಕು, ಏಕೆ ಎಲ್ಲಕ್ಕಿಂತ ಮೊದಲು ಮಾಡಬೇಕು ಎಂಬುದೇ ಇಂದಿನ ಮಾತು.

ನಾನಿರುವುದು ಬಹ್ರೇನಿನ ಉಮ್ ಅಲ್ ಹಸ್ಸಮ್‌ನಲ್ಲಿ. ರಾಜಧಾನಿ ಮನಾಮಾದ ದಕ್ಷಿಣ ಅಂಚಿನ ಬಡಾವಣೆ ಇದು. ಅದ್ಲಿಯಾ, ಮಾಹೂಜ್, ಜುಫೇರ್ ಎಲ್ಲ ಹತ್ತಿರ ಹತ್ತಿರ. ಇಲ್ಲಿಂದ ಸೇತುವೆ ದಾಟಿದರೆ ಸಿತ್ರಾ. ಆ ಕಡೆಯೇ ತೈಲ ಶುದ್ಧೀಕರಣ ಕಾರ್ಖಾನೆ. ಅದು 1936ರಿಂದ ನಡೆಯುತ್ತಿದೆ. ಕೊಲ್ಲಿಯ ಅರಬ್ ದಂಡೆಯಲ್ಲಿ ಮೊಟ್ಟಮೊದಲು ತೈಲ ಸಿಕ್ಕಿದ್ದೂ ಈ ಪುಟ್ಟ ದ್ವೀಪದಲ್ಲೇ, 1932ರಲ್ಲಿ, ಜಬಲ್ ದುಖಾನ್ ಗುಡ್ಡದ ಬುಡದಲ್ಲಿ. ಇಂಥ ಊರಿನಲ್ಲಿ ಪೆಟ್ರೋಲನ್ನು ಯಾರೂ ಅಪರೂಪದ ವಸ್ತುವೆಂದು ನೋಡುವುದಿಲ್ಲ. ಆದರೆ ಹಳೆಯ ಕಾರಿನ ಕೆಳಗೆ ಬಿದ್ದ ಒಂದು ಚಮಚೆ ಪೆಟ್ರೋಲನ್ನು ಹಗುರವಾಗಿ ಕಾಣುವಂತಿಲ್ಲ.

ಏಕೆ ಎಂಬುದನ್ನು ಬಹ್ರೇನಿನಲ್ಲೇ ನಡೆದ ಒಂದು ಘಟನೆ ಹೇಳುತ್ತದೆ. 2020ರ ನವೆಂಬರ್ ಕೊನೆಯ ಭಾನುವಾರ. ಸಾಖಿರ್‌ನ ರೇಸ್ ಟ್ರ್ಯಾಕ್‌ನಲ್ಲಿ ಫಾರ್ಮುಲಾ ಒನ್ ಸ್ಪರ್ಧೆ. ಮೊದಲ ಸುತ್ತಿನಲ್ಲೇ ಫ್ರಾನ್ಸಿನ ಚಾಲಕ ರೊಮೇನ್ ಗ್ರೋಜಾನ್ ಅವರ ಕಾರು ಗಂಟೆಗೆ 190 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಕಬ್ಬಿಣದ ತಡೆಗೆ ಬಡಿಯಿತು. ಕಾರು ಎರಡು ತುಂಡಾಯಿತು. ಕ್ಷಣದಲ್ಲೇ ಬೆಂಕಿ. ಸುಮಾರು 27 ಸೆಕೆಂಡ್ ಬೆಂಕಿಯೊಳಗಿದ್ದು ಅವರು ಹೊರಗೆ ಬಂದರು. ಕೈಗಳು ಸುಟ್ಟಿದ್ದವು. ಜೀವ ಉಳಿಯಿತು. ತನಿಖೆಯ ವರದಿ ಹೊರಬಂದಾಗ ಒಂದು ಸಂಗತಿ ತಿಳಿಯಿತು. ಟ್ಯಾಂಕಿನ ಕೆಲಸ ಮಾಡುವ ಇಂಧನದ ಚೀಲದಿಂದ ಎಂಜಿನ್‌ಗೆ ಹೋಗುವ ಜೋಡಣೆ ಕಿತ್ತುಬಂದಿತ್ತು. ಚೀಲದ ತಪಾಸಣೆಯ ಮುಚ್ಚಳವೂ ಜರುಗಿತ್ತು. ಜಗತ್ತಿನ ಅತ್ಯಂತ ಗಟ್ಟಿ ಇಂಧನ ಚೀಲಗಳಲ್ಲಿ ಒಂದು ಅದು. ಅಲ್ಲಿಯೂ ಕೈಕೊಟ್ಟದ್ದು ಜೋಡಣೆ ಮತ್ತು ಮುಚ್ಚಳ.

ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ. ನಮ್ಮ ಹಳೆಯ ಕಾರುಗಳು ಅಪಘಾತವಿಲ್ಲದೆ, ನಿಂತಲ್ಲೇ ಸೋರುತ್ತವೆ. ಅವೂ ಹೆಚ್ಚಾಗಿ ಸೋರುವುದು ಜೋಡಣೆಗಳಲ್ಲಿ. ರಬ್ಬರ್ ಇರುವಲ್ಲಿ, ವಾಷರ್ ಇರುವಲ್ಲಿ, ಕ್ಲಿಪ್ಪು ಬಿಗಿದಲ್ಲಿ. ಲೋಹ ಬಹುಕಾಲ ತಡೆಯುತ್ತದೆ. ಮೆತ್ತಗಿನ ವಸ್ತು ಮೊದಲು ಸೋಲುತ್ತದೆ. ಅದು ಸೋಲುವುದು ಕಿಲೋಮೀಟರಿನ ಲೆಕ್ಕದಲ್ಲಲ್ಲ, ವರ್ಷದ ಲೆಕ್ಕದಲ್ಲಿ. ಹತ್ತು ವರ್ಷ ಷೆಡ್ಡಿನಲ್ಲಿ ನಿಂತ ಕಾರಿನ ರಬ್ಬರಿಗೂ ಹತ್ತು ವರ್ಷ ವಯಸ್ಸಾಗಿರುತ್ತದೆ. ಆದ್ದರಿಂದ ಒಂದು ಕಡೆ ಸೋರಿದರೆ ಆ ಒಂದು ಜಾಗವನ್ನು ಮುಚ್ಚಿ ಸುಮ್ಮನಾಗಬೇಡಿ. ಟ್ಯಾಂಕಿನಿಂದ ಕಾರ್ಬುರೇಟರಿನ ತನಕ ಪೆಟ್ರೋಲ್ ಹರಿಯುವ ಇಡೀ ದಾರಿಯನ್ನು ಹೊಸದು ಮಾಡಿ. ಬಣ್ಣ, ಸೀಟು, ಕ್ರೋಮಿಯಂ ಹೊಳಪು ಎಲ್ಲ ಆಮೇಲೆ.

ಪೆಟ್ರೋಲಿನ ಸ್ವಭಾವವನ್ನು ಸ್ವಲ್ಪ ತಿಳಿದುಕೊಳ್ಳೋಣ. ಹೊತ್ತಿಕೊಳ್ಳುವುದು ದ್ರವವಲ್ಲ, ಅದರ ಆವಿ. ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗಿನ ಚಳಿಯಲ್ಲೂ ಪೆಟ್ರೋಲ್ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಇನ್ನು ಬಹ್ರೇನಿನ ಬೇಸಿಗೆಯ 40 ಡಿಗ್ರಿ ಮೀರಿದ ಬಿಸಿಯಲ್ಲಿ, ನಮ್ಮ ರಾಯಚೂರು ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಕೇಳಬೇಕೆ? ಈ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಮೇಲಕ್ಕೆ ಹೋಗುವುದಿಲ್ಲ. ನೆಲದ ಮೇಲೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ ನೂರಕ್ಕೆ ಒಂದೂವರೆ ಭಾಗದಷ್ಟು ಆವಿ ಬೆರೆತರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ.

ಇನ್ನೊಂದು ಲೆಕ್ಕ ಕೇಳಿ. ಸೆಕೆಂಡಿಗೆ ಒಂದು ಹನಿ ಸೋರುತ್ತಿದೆ ಅಂದುಕೊಳ್ಳಿ. ನೋಡಿದರೆ ಏನೂ ಅಲ್ಲ ಅನ್ನಿಸುತ್ತದೆ. ಗಂಟೆಗೆ ಹೆಚ್ಚುಕಡಿಮೆ ನೂರು ಮಿಲಿಲೀಟರ್ ಆಯಿತು. ರಾತ್ರಿ ಬೆಳಗಾಗುವಷ್ಟರಲ್ಲಿ ಒಂದು ಲೀಟರ್. ಒಂದು ಲೀಟರ್ ಪೆಟ್ರೋಲ್ ಪೂರ್ತಿ ಆರಿದರೆ ಸುಮಾರು 200 ಲೀಟರ್ ಆವಿಯಾಗುತ್ತದೆ. ಬಾಗಿಲು ಹಾಕಿದ ಕಾರ್ ಷೆಡ್ಡಿನ ನೆಲದ ಮಟ್ಟವನ್ನೆಲ್ಲ ಅಪಾಯದ ಜಾಗ ಮಾಡಲು ಅಷ್ಟು ಸಾಕು. ಉಮ್ ಅಲ್ ಹಸ್ಸಮ್‌ನಲ್ಲಿ ನಮ್ಮಂಥವರು ಇರುವುದು ಫ್ಲ್ಯಾಟುಗಳಲ್ಲಿ. ಕಾರು ನಿಲ್ಲಿಸುವುದು ಕಟ್ಟಡದ ಕೆಳಗೆ. ಮೇಲೆ ಮಕ್ಕಳು ಮಲಗಿರುತ್ತಾರೆ. ನಮ್ಮ ಕಾರು ಸೋರಿದರೆ ಅದು ನಮ್ಮೊಬ್ಬರ ತೊಂದರೆಯಾಗಿ ಉಳಿಯುವುದಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಎರಡು ಮಾತು. ಒಂದು, ಸೋರುವುದು ಜೋಡಣೆಗಳಲ್ಲಿ, ಅದಕ್ಕೆ ಕಾರಣ ವಯಸ್ಸು. ಎರಡು, ಅಪಾಯ ಇರುವುದು ಆವಿಯಲ್ಲಿ, ಅದು ನೆಲದ ಮಟ್ಟದಲ್ಲಿ ಕಾದಿರುತ್ತದೆ. ಈಗ ಪೆಟ್ರೋಲಿನ ದಾರಿಗೆ ಬರೋಣ.

ಉದಾಹರಣೆಗೆ ಒಂದೇ ಕಾರನ್ನು ತೆಗೆದುಕೊಳ್ಳುತ್ತೇನೆ. ಎಂಜಿಬಿ. ಇಂಗ್ಲೆಂಡಿನ ಆಬಿಂಗ್ಡನ್ ಎಂಬ ಊರಿನಲ್ಲಿ 1962ರಿಂದ 1980ರವರೆಗೆ ತಯಾರಾದ ಸ್ಪೋರ್ಟ್ಸ್ ಕಾರು. ಒಟ್ಟು 5 ಲಕ್ಷಕ್ಕೂ ಹೆಚ್ಚು ಬಂದವು. ಮೋಟು ಡಿಕ್ಕಿ, ಉದ್ದ ಬಾನೆಟ್, ನೆಲಕ್ಕೆ ತಗುಲುವಷ್ಟು ತಗ್ಗಿನ ಸೀಟು. ಬ್ರಿಟಿಷರ ನೌಕಾನೆಲೆ ನಮ್ಮ ಪಕ್ಕದ ಜುಫೇರ್‌ನಲ್ಲಿ 1971ರವರೆಗೆ ಇತ್ತು. ಆ ಕಾಲದಿಂದಲೂ ಬ್ರಿಟಿಷ್ ಕಾರುಗಳು ಈ ರಸ್ತೆಗಳಿಗೆ ಪರಿಚಿತ. ಕನ್ನಡಿಗರಿಗೂ ಈ ಕಾರು ಪೂರ್ತಿ ಅಪರಿಚಿತವಲ್ಲ. ನಮ್ಮ ಅಂಬಾಸಡರಿನ 1489 ಸಿಸಿ ಎಂಜಿನ್ ಮತ್ತು ಎಂಜಿಬಿಯ 1798 ಸಿಸಿ ಎಂಜಿನ್ ಒಂದೇ ವಂಶದವು. ಬಿ ಸೀರೀಸ್ ಎಂದು ಆ ವಂಶದ ಹೆಸರು. ಶಿವಮೊಗ್ಗದಲ್ಲೋ ಪುತ್ತೂರಿನಲ್ಲೋ ಅಂಬಾಸಡರ್ ಬಿಚ್ಚಿ ಜೋಡಿಸಿದ ಮೇಸ್ತ್ರಿಗೆ ಎಂಜಿಬಿಯ ಬಾನೆಟ್ ಎತ್ತಿದೊಡನೆ ಅರ್ಧ ಗುರುತು ಸಿಗುತ್ತದೆ. ಇಲ್ಲಿ ಸಲ್ಮಾಬಾದ್‌ನ ಗ್ಯಾರೇಜುಗಳಲ್ಲಿ ಅಂಥ ಹಿರಿಯರು ಸಿಗುತ್ತಾರೆ. ನಮ್ಮ ಕರಾವಳಿಯ ಮೇಸ್ತ್ರಿಯೊಬ್ಬರು ನನಗೆ ಹೇಳಿದ ಮಾತು ಇದು: ‘ಮೊದಲು ಮೂಗು, ಮತ್ತೆ ಸ್ಪ್ಯಾನರ್ ಮಾರಾಯ್ರೇ.’

ದಾರಿಯನ್ನು ಕೇಳಿ. ಹಿಂದೆ, ಡಿಕ್ಕಿಯ ಅಡಿಯಲ್ಲಿ ಟ್ಯಾಂಕು. ಅಲ್ಲಿಂದ ಸಣ್ಣ ಪೈಪು ಪಂಪಿಗೆ. ಪಂಪು ಇರುವುದು ಬಲಗಡೆಯ ಹಿಂದಿನ ಚಕ್ರದ ಹತ್ತಿರ. ಪಂಪಿನಿಂದ ಲೋಹದ ಪೈಪು ಕಾರಿನ ಹೊಟ್ಟೆಯುದ್ದಕ್ಕೂ ಮುಂದಕ್ಕೆ ಹೋಗುತ್ತದೆ. ಬಾನೆಟ್ಟಿನೊಳಗೆ ರಬ್ಬರ್ ಹೋಸಾಗಿ ಎರಡು ಕಾರ್ಬುರೇಟರುಗಳನ್ನು ಸೇರುತ್ತದೆ. ಟ್ಯಾಂಕು, ಪೈಪು, ಪಂಪು, ಕಾರ್ಬುರೇಟರ್. ನಾಲ್ಕೇ ನಿಲ್ದಾಣ. ಈ ಕ್ರಮದಲ್ಲೇ ಕೆಲಸ ಮಾಡಬೇಕು.

ಕೆಲಸಕ್ಕೆ ಮುಂಚೆ ಸಿದ್ಧತೆ. ಇದನ್ನು ನಿಧಾನವಾಗಿ ಹೇಳುತ್ತೇನೆ.

ಕಾರನ್ನು ಬಯಲಿಗೆ ತನ್ನಿ. ಕಟ್ಟಡದ ಕೆಳಗೆ, ಮುಚ್ಚಿದ ಷೆಡ್ಡಿನಲ್ಲಿ, ತಗ್ಗು ತೋಡಿದ ಪಿಟ್‌ನಲ್ಲಿ ಪೆಟ್ರೋಲಿನ ಕೆಲಸ ಬೇಡ. ಎಂಜಿನ್ ಪೂರ್ತಿ ಆರಿರಲಿ. ಎಲ್ಲಕ್ಕಿಂತ ಮೊದಲು ಬ್ಯಾಟರಿಯ ಅರ್ತ್ ತಂತಿ ಕಳಚಿ. ಅದನ್ನು ಪೆಟ್ರೋಲ್ ಹೊರಗೆ ಬರುವ ಮೊದಲೇ ಕಳಚಬೇಕು. ಕಳಚುವಾಗಲೂ ಕಿಡಿ ಹಾರಬಹುದು. ಎಂಜಿಬಿಯಲ್ಲಿ ಬ್ಯಾಟರಿ ಇರುವುದು ಸೀಟಿನ ಹಿಂದೆ, ಪಂಪಿನ ಪಕ್ಕದಲ್ಲೇ. ಆದ್ದರಿಂದ ಈ ಎಚ್ಚರ ಇಲ್ಲಿ ಇಮ್ಮಡಿ ಮುಖ್ಯ. ತಂತಿಗೆ ನೇತುಹಾಕುವ ಗಾಜಿನ ಬಲ್ಬು ಬೇಡ. ಬಲ್ಬು ಒಡೆದರೆ ಅದೇ ಕಿಡಿ. ಬ್ಯಾಟರಿಯ ಎಲ್‌ಇಡಿ ಟಾರ್ಚ್ ಇರಲಿ. ಅದನ್ನೂ ದೂರದಲ್ಲೇ ಹೊತ್ತಿಸಿ ತನ್ನಿ. ಪುಡಿ ಅಥವಾ ನೊರೆಯ ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಲ್ಲಿ ಇರಲಿ. ಪೆಟ್ರೋಲ್ ಬೆಂಕಿಗೆ ನೀರು ಹಾಕಿದರೆ ಬೆಂಕಿ ಹರಡುತ್ತದೆ. ಒಬ್ಬರೇ ಮಾಡಬೇಡಿ. ಫೋನ್ ಹಿಡಿದ ಒಬ್ಬರು ಸ್ವಲ್ಪ ದೂರದಲ್ಲಿ ಇರಲಿ. ಬಹ್ರೇನಿನಲ್ಲಿ ತುರ್ತು ಸಂಖ್ಯೆ 999. ಊರಿನಲ್ಲಿ 112.

ಹೊತ್ತಿನ ವಿಷಯವೂ ಇದೆ. ಬಹ್ರೇನಿನಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12ರಿಂದ 4ರವರೆಗೆ ಬಯಲಿನಲ್ಲಿ ಕೆಲಸ ಮಾಡಿಸುವಂತಿಲ್ಲ ಎಂಬ ಸರ್ಕಾರದ ನಿಯಮವಿದೆ. ಅದು ಕಾರ್ಮಿಕರ ರಕ್ಷಣೆಗೆ ಮಾಡಿದ ನಿಯಮ. ನಮ್ಮ ಹವ್ಯಾಸಕ್ಕೂ ಅದನ್ನೇ ಅನ್ವಯಿಸಿಕೊಳ್ಳುವುದು ಒಳ್ಳೆಯದು. ಬೆಳಗಿನ ತಂಪಿನಲ್ಲಿ, ಇನ್ನೂ ಒಳ್ಳೆಯದೆಂದರೆ ಡಿಸೆಂಬರ್ ಜನವರಿಯಲ್ಲಿ ಈ ಕೆಲಸ ಇಟ್ಟುಕೊಳ್ಳಿ.

ಹಾಗಾದರೆ ಸಿದ್ಧತೆ ಎಂದರೆ ಬಯಲು, ಬ್ಯಾಟರಿ, ಟಾರ್ಚ್, ಸಿಲಿಂಡರ್, ಜೊತೆಗಾರ. ಇವು ಐದೂ ಸಿದ್ಧವಾದ ಮೇಲೆ ಸೋರಿಕೆ ಹುಡುಕುವ ಕೆಲಸ.

ಮೊದಲು ಮೂಗು. ಹತ್ತು ಲಕ್ಷ ಭಾಗ ಗಾಳಿಯಲ್ಲಿ ಕೆಲವೇ ಭಾಗ ಪೆಟ್ರೋಲ್ ಆವಿ ಇದ್ದರೂ ಮನುಷ್ಯನ ಮೂಗಿಗೆ ತಿಳಿಯುತ್ತದೆ. ಆದರೆ ಅದೇ ವಾಸನೆಯಲ್ಲಿ ಹತ್ತು ನಿಮಿಷ ನಿಂತರೆ ಮೂಗು ಒಗ್ಗಿಹೋಗುತ್ತದೆ. ಆದ್ದರಿಂದ ರಾತ್ರಿ ನಿಲ್ಲಿಸಿದ ಕಾರಿನ ಹತ್ತಿರ ಬೆಳಿಗ್ಗೆ ಮೊದಲು ಹೋದಾಗ ಬರುವ ವಾಸನೆಯೇ ನಿಜವಾದ ಸಾಕ್ಷಿ. ಡಿಕ್ಕಿ ತೆರೆದಾಗ ಬರುತ್ತದೆಯೇ? ಬಾನೆಟ್ ಎತ್ತಿದಾಗಲೇ? ಟ್ಯಾಂಕ್ ತುಂಬಿಸಿದ ದಿನ ಮಾತ್ರವೇ? ಈ ಮೂರು ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ಪತ್ತೆಯಾಯಿತು.

ಆಮೇಲೆ ಕಣ್ಣು. ಪೆಟ್ರೋಲ್ ಬೇಗ ಆರಿಹೋಗುತ್ತದೆ, ಒದ್ದೆ ಸಿಗದೇ ಇರಬಹುದು. ಆದರೆ ಆರಿದ ಜಾಗದಲ್ಲಿ ಕಲೆ ಉಳಿಯುತ್ತದೆ. ಹಳದಿ ಬಣ್ಣದಿಂದ ಕಂದು ಬಣ್ಣದವರೆಗಿನ, ಮೇಣ ಸವರಿದಂತೆ ಅಂಟಂಟಾದ ಕಲೆ. ಅಕ್ಕಪಕ್ಕದಲ್ಲೆಲ್ಲ ಧೂಳು ಕೂತಿದ್ದು ಒಂದು ಕಡೆ ಮಾತ್ರ ತೊಳೆದಂತೆ ಇದ್ದರೆ ಅಲ್ಲಿ ಅನುಮಾನಪಡಿ. ಹನಿ ಬಿದ್ದ ಜಾಗವನ್ನು ನಂಬಬೇಡಿ. ಪೆಟ್ರೋಲ್ ಪೈಪಿನ ಗುಂಟ ಹರಿದು ಎಲ್ಲೋ ತಗ್ಗಿನಲ್ಲಿ ತೊಟ್ಟಿಕ್ಕುತ್ತದೆ. ಒದ್ದೆಯ ಅತ್ಯಂತ ಮೇಲಿನ ತುದಿ ಎಲ್ಲಿದೆಯೋ ಅಲ್ಲಿ ಸೋರಿಕೆ. ಎಲ್ಲ ಒರೆಸಿ ಒಣಗಿಸಿ, ಅನುಮಾನದ ಜೋಡಣೆಗೆ ಟಾಲ್ಕಂ ಪೌಡರ್ ಉದುರಿಸಿ. ಎಲ್ಲಿ ಪೌಡರ್ ಮೊದಲು ಒದ್ದೆಯಾಗಿ ಕಪ್ಪಾಗುತ್ತದೋ ಅದೇ ಜಾಗ.

ಕೊನೆಗೆ ಕಿವಿ. ಎಂಜಿಬಿಯಲ್ಲಿರುವುದು ಎಸ್‌ಯು ಕಂಪನಿಯ ವಿದ್ಯುತ್ ಪಂಪು. ಕೀಲಿ ತಿರುಗಿಸಿದೊಡನೆ ಅದು ಟಕ್ ಟಕ್ ಟಕ್ ಎಂದು ಬಡಿಯುತ್ತದೆ. ಕಾರ್ಬುರೇಟರ್ ತುಂಬಿದ ಮೇಲೆ ನಿಲ್ಲುತ್ತದೆ. ಈ ಪರೀಕ್ಷೆಗೆ ಮಾತ್ರ ಬ್ಯಾಟರಿಯ ತಂತಿ ಜೋಡಿಸಿ, ಎಂಜಿನ್ ಹಾಕದೆ ಕೀಲಿ ಮಾತ್ರ ತಿರುಗಿಸಿ ಕೇಳಿ. ಬಡಿತ ನಿಂತು ಮೌನವಾದರೆ ಪಂಪಿನಿಂದ ಮುಂದಿನ ದಾರಿ ಭದ್ರ. ನಿಲ್ಲದೆ ಬಡಿಯುತ್ತಲೇ ಇದ್ದರೆ, ಅಥವಾ ಕೆಲವು ಸೆಕೆಂಡಿಗೊಮ್ಮೆ ಟಕ್ ಎನ್ನುತ್ತಿದ್ದರೆ, ಎಲ್ಲೋ ಪೆಟ್ರೋಲ್ ಹೊರಗೆ ಹೋಗುತ್ತಿದೆ, ಇಲ್ಲವೇ ಪಂಪು ಗಾಳಿ ಎಳೆಯುತ್ತಿದೆ, ಅದೂ ಅಲ್ಲದಿದ್ದರೆ ಪಂಪಿನೊಳಗಿನ ವಾಲ್ವ್ ಕೂರುತ್ತಿಲ್ಲ. ತಕ್ಷಣ ಕೀಲಿ ತೆಗೆಯಿರಿ. ಈ ಪರೀಕ್ಷೆ ಒಂದು ನಿಮಿಷದೊಳಗೆ ಮುಗಿಯಲಿ, ಮುಗಿದ ಮೇಲೆ ತಂತಿಯನ್ನು ಮತ್ತೆ ಕಳಚಿ. ಹೆಚ್ಚು ಹೊತ್ತು ಕೀಲಿ ಹಾಗೇ ಬಿಟ್ಟರೆ ಇಗ್ನಿಷನ್ ಕಾಯಿಲ್ ಬಿಸಿಯಾಗುತ್ತದೆ. ಪೆಟ್ರೋಲ್ ವಾಸನೆ ದಟ್ಟವಾಗಿದ್ದರೆ, ಅಥವಾ ಕಾರು ಬಹಳ ವರ್ಷ ನಿಂತಿದ್ದರೆ, ಕೀಲಿಯನ್ನೇ ತಿರುಗಿಸಬೇಡಿ.

ಮೂಗು, ಕಣ್ಣು, ಕಿವಿ. ಇಷ್ಟರಿಂದ ಜಾಗ ತಿಳಿಯಿತು. ಈಗ ನಾಲ್ಕು ನಿಲ್ದಾಣಗಳನ್ನು ಒಂದೊಂದಾಗಿ ನೋಡೋಣ. ಮೊದಲನೆಯದು ಟ್ಯಾಂಕು.

ಟ್ಯಾಂಕಿನ ತಳ ತುಕ್ಕು ಹಿಡಿಯುತ್ತದೆ ಎಂದು ಎಲ್ಲರೂ ತಳ ನೋಡುತ್ತಾರೆ. ಎಂಜಿಬಿಯಲ್ಲಿ ತಲೆಯನ್ನೂ ನೋಡಬೇಕು. ಟ್ಯಾಂಕಿನ ಮೇಲ್ಭಾಗಕ್ಕೂ ಡಿಕ್ಕಿಯ ತಳಕ್ಕೂ ನಡುವೆ ಸಣ್ಣ ಸಂದು ಇದೆ. ಚಕ್ರ ಎರಚಿದ ಮಣ್ಣು ಅಲ್ಲಿ ಕೂರುತ್ತದೆ. ತೇವ ಹಿಡಿದುಕೊಳ್ಳುತ್ತದೆ. ಬಹ್ರೇನಿನ ಉಪ್ಪು ಗಾಳಿ, ಉಪ್ಪು ಧೂಳು ಸೇರಿದರೆ ತಗಡು ಮೇಲಿನಿಂದ ತಿಂದುಹೋಗುತ್ತದೆ. ಮಂಗಳೂರು, ಕಾಸರಗೋಡು, ಕಾರವಾರದಲ್ಲೂ ಹೀಗೆಯೇ. ಅರ್ಧ ಟ್ಯಾಂಕ್ ಇದ್ದಾಗ ಏನೂ ಸೋರುವುದಿಲ್ಲ. ತುಂಬಿಸಿದ ದಿನ ಮಾತ್ರ ಹಿಂದಿನಿಂದ ವಾಸನೆ. ಹಾಗಿದ್ದರೆ ಟ್ಯಾಂಕಿನ ತಲೆಯಲ್ಲಿ ಸೂಜಿ ತೂತುಗಳಿವೆ ಎಂದೇ ತಿಳಿಯಿರಿ. ಪೆಟ್ರೋಲ್ ಮಟ್ಟ ಅಳೆಯುವ ಮೀಟರಿನ ಯೂನಿಟ್ಟು ಟ್ಯಾಂಕಿಗೆ ಸೇರುವಲ್ಲಿ ಒಂದು ರಬ್ಬರ್ ಉಂಗುರ ಇದೆ. ಅದೂ ಒಣಗಿ ಬಿರಿದಿರುತ್ತದೆ. ಅದನ್ನು ಬದಲಿಸಿ.

ಬಿಸಿಯಲ್ಲಿ ಪೆಟ್ರೋಲ್ ಹಿಗ್ಗುತ್ತದೆ ಎಂಬುದನ್ನೂ ಮರೆಯಬಾರದು. ಬಂಕಿನ ನೆಲದಡಿಯ ಟ್ಯಾಂಕಿನಿಂದ ಬರುವ ಪೆಟ್ರೋಲ್ ತಂಪಾಗಿರುತ್ತದೆ. ಬಿಸಿಲಿಗೆ ನಿಂತ ಕಾರಿನಲ್ಲಿ ಅದು 25 ಡಿಗ್ರಿ ಹೆಚ್ಚು ಬಿಸಿಯಾದರೆ 45 ಲೀಟರ್ ಪೆಟ್ರೋಲ್ ಸುಮಾರು 46 ಲೀಟರ್ ಆಗುತ್ತದೆ. ಹೆಚ್ಚಿದ ಆ ಒಂದು ಲೀಟರಿಗೆ ಜಾಗ ಬೇಕು. ಆದ್ದರಿಂದ ಹಳೆಯ ಕಾರಿನ ಟ್ಯಾಂಕನ್ನು ಕಂಠದವರೆಗೆ ತುಂಬಿಸಬೇಡಿ. ತುಂಬಿಸಿದೊಡನೆ ಒಂದಿಷ್ಟು ದೂರ ಓಡಿಸಿ ನಿಲ್ಲಿಸಿ.

ತೂತಾದ ಟ್ಯಾಂಕಿಗೆ ಏನು ಮಾಡುವುದು? ದಾರಿಯಲ್ಲಿ ಸಿಕ್ಕಿಬಿದ್ದರೆ ನಮ್ಮ ಡ್ರೈವರುಗಳು ಬಟ್ಟೆ ಸೋಪು ಮೆತ್ತುತ್ತಾರೆ. ಅದು ಗ್ಯಾರೇಜಿನ ತನಕ ತಲುಪಿಸುವ ಉಪಾಯ, ಅಷ್ಟೇ. ಎಂ ಸೀಲ್ ಮೆತ್ತಿ ವರ್ಷಗಟ್ಟಲೆ ಓಡಿಸುವುದು ಬೇಡ. ಇನ್ನು ವೆಲ್ಡಿಂಗ್. ಪೆಟ್ರೋಲ್ ಟ್ಯಾಂಕಿಗೆ ಯಾವ ಕಾರಣಕ್ಕೂ ನೀವಾಗಿ ಬೆಂಕಿ ಮುಟ್ಟಿಸಬೇಡಿ. ಖಾಲಿ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಅಪಾಯ. ಅದರೊಳಗೆ ಇರುವುದೆಲ್ಲ ಆವಿ ಮತ್ತು ಗಾಳಿ. ಎಂಜಿಬಿಗೆ ಹೊಸ ಟ್ಯಾಂಕು ಇವತ್ತಿಗೂ ಸಿಗುತ್ತದೆ. ಹೊಸದನ್ನೇ ಹಾಕಿ. ಹಳೆಯ ಟ್ಯಾಂಕಿನಿಂದ ಇಳಿಸಿದ ಪೆಟ್ರೋಲನ್ನು ಚರಂಡಿಗೋ ಮರಳಿಗೋ ಸುರಿಯಬೇಡಿ. ಮುಚ್ಚಳ ಬಿಗಿಯಾದ ಲೋಹದ ಕ್ಯಾನಿನಲ್ಲಿ ಗ್ಯಾರೇಜಿಗೆ ಒಪ್ಪಿಸಿ.

ಟ್ಯಾಂಕು ಆಯಿತು. ತಲೆ ನೋಡಿದೆವು, ರಬ್ಬರ್ ಉಂಗುರ ಬದಲಿಸಿದೆವು, ಹಿಗ್ಗಲು ಜಾಗ ಬಿಟ್ಟೆವು. ಎರಡನೆಯ ನಿಲ್ದಾಣ ಪೈಪು ಮತ್ತು ಹೋಸು.

ನನ್ನ ಕಾರಿನಿಂದ ಕಳಚಿದ ಹಳೆಯ ಹೋಸಿನ ತುಂಡೊಂದನ್ನು ಈಗ ಕೈಯಲ್ಲಿ ಹಿಡಿದಿದ್ದೇನೆ. ಒಂದು ಗೇಣು ಉದ್ದ, ಕಿರುಬೆರಳಿನ ದಪ್ಪ. ನೇರವಾಗಿ ಹಿಡಿದರೆ ಕಪ್ಪಗೆ, ಚೆನ್ನಾಗಿಯೇ ಇದೆ. ಬಗ್ಗಿಸಿದರೆ ಬಾಗಿದ ಕಡೆ ಉದ್ದಕ್ಕೆ ಸಣ್ಣ ಸಣ್ಣ ಬಿರುಕು ಬಾಯಿಬಿಡುತ್ತದೆ. ಕ್ಲಿಪ್ಪು ಇದ್ದ ತುದಿ ಗಟ್ಟಿಯಾಗಿ, ಉಗುರು ಒತ್ತಿದರೂ ಇಳಿಯುವುದಿಲ್ಲ. ಸೀಳಿ ಒಳಗೆ ಬೆರಳಾಡಿಸಿದರೆ ಕಪ್ಪು ಪುಡಿ ಅಂಟುತ್ತದೆ. ಆ ಪುಡಿ ಮುಂದೆ ಹೋಗಿ, ಕಾರ್ಬುರೇಟರಿನಲ್ಲಿ ಪೆಟ್ರೋಲಿನ ದಾರಿ ಮುಚ್ಚುವ ನೀಡಲ್‌ನಲ್ಲಿ ಸಿಕ್ಕಿಕೊಳ್ಳುತ್ತದೆ. ಹಿಂದಿನ ಹೋಸು ಕೆಟ್ಟರೆ ಮುಂದಿನ ಕಾರ್ಬುರೇಟರ್ ಉಕ್ಕುತ್ತದೆ. ಇಡೀ ದಾರಿಯನ್ನು ಒಟ್ಟಿಗೆ ಮಾಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಊರಿನ ಕೇಳುಗರಿಗೆ ಇಲ್ಲಿ ಇನ್ನೊಂದು ಮಾತು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಇಂಧನ ಸಪ್ತಾಹದಲ್ಲಿ ನೂರಕ್ಕೆ 20 ಭಾಗ ಎಥನಾಲ್ ಬೆರೆಸಿದ ಪೆಟ್ರೋಲಿಗೆ ಚಾಲನೆ ಸಿಕ್ಕಿತು. ಈಗ ದೇಶದ ಬಂಕುಗಳಲ್ಲಿ ಅದೇ ಸಾಮಾನ್ಯ. 1960ರ ದಶಕದ ರಬ್ಬರು, ಕಾರ್ಕಿನ ಪ್ಯಾಕಿಂಗು ಈ ಇಂಧನಕ್ಕೆಂದು ಮಾಡಿದವಲ್ಲ. ಎಥನಾಲ್ ತಗುಲಿದರೆ ಅವು ಊದುತ್ತವೆ, ಮೆತ್ತಗಾಗುತ್ತವೆ, ಬಿರಿಯುತ್ತವೆ. ಎಥನಾಲ್ ನೀರನ್ನೂ ಎಳೆದುಕೊಳ್ಳುತ್ತದೆ. ಟ್ಯಾಂಕಿನೊಳಗೆ ತುಕ್ಕು ಹೆಚ್ಚುತ್ತದೆ. ಆದ್ದರಿಂದ ಹೋಸು ಕೊಳ್ಳುವಾಗ ಮೇಲೆ ಬರೆದದ್ದನ್ನು ಓದಿ. ಎಸ್‌ಎಇ ಜೆ30 ಆರ್9 ಎಂದು ಅಚ್ಚಾಗಿರುವ ಹೋಸಿನ ಒಳಪದರ ಎಥನಾಲ್ ತಡೆಯುತ್ತದೆ. ಅಳತೆ ಸರಿಯಿದೆ ಎಂದು ನೀರಿನ ಪೈಪನ್ನೋ, ಪಾರದರ್ಶಕ ಪ್ಲಾಸ್ಟಿಕ್ ಪೈಪನ್ನೋ ಹಾಕಬೇಡಿ.

ಕ್ಲಿಪ್ಪಿನ ವಿಷಯ. ಸ್ಕ್ರೂ ತಿರುಗಿಸಿ ಬಿಗಿಯುವ, ಪಟ್ಟಿಯುದ್ದಕ್ಕೂ ಸೀಳಿರುವ ಕ್ಲಿಪ್ಪು ಸಣ್ಣ ಹೋಸನ್ನು ಕತ್ತರಿಸುತ್ತದೆ. ಅಂಚು ಮಡಿಸಿದ, ಒಳಗೆ ನುಣುಪಾಗಿರುವ ಕ್ಲಿಪ್ಪು ಸಿಗುತ್ತದೆ. ಅದನ್ನು ಹಾಕಿ. ಹೆಚ್ಚು ಬಿಗಿದರೆ ಭದ್ರ ಎಂಬ ನಂಬಿಕೆ ಬಿಡಿ. ರಬ್ಬರ್ ಉಬ್ಬಿ ಅಂಚಿನಲ್ಲಿ ಎದ್ದುನಿಂತರೆ ಅತಿಯಾಯಿತು ಎಂದರ್ಥ.

ಲೋಹದ ಪೈಪಿನಲ್ಲಿ ನಟ್ಟು ಬಿಗಿದ ಜೋಡಣೆ ಸೋರಿದರೆ ಹಲವರು ನಲ್ಲಿಗೆ ಸುತ್ತುವ ಬಿಳಿ ಟೇಪು ಸುತ್ತುತ್ತಾರೆ. ಅಲ್ಲಿ ಸೋರಿಕೆ ತಡೆಯುವುದು ನಟ್ಟಿನ ತಿರುಪಿನ ಗೆರೆಯಲ್ಲ, ಪೈಪಿನ ಅರಳಿಸಿದ ತುದಿ. ಟೇಪಿನಿಂದ ಪ್ರಯೋಜನವಿಲ್ಲ. ಅದರ ಚೂರು ಒಳಗೆ ಹೋಗಿ ಮತ್ತೆ ನೀಡಲ್‌ನಲ್ಲೇ ಸಿಕ್ಕಿಕೊಳ್ಳುತ್ತದೆ. ತುದಿ ಬಿರಿದಿದ್ದರೆ ಪೈಪನ್ನೇ ಬದಲಿಸಿ. ತಾಮ್ರ ನಿಕ್ಕಲ್ ಮಿಶ್ರ ಪೈಪು ತುಕ್ಕು ಹಿಡಿಯುವುದಿಲ್ಲ, ಕೈಯಲ್ಲೇ ಬಾಗುತ್ತದೆ. ಪೈಪು ಸೈಲೆನ್ಸರಿಗೆ ತಗುಲದಂತೆ, ಅಲುಗದಂತೆ ಅದರ ಹಳೆಯ ಕ್ಲಾಂಪುಗಳಲ್ಲೇ ಕೂರಿಸಿ. ಸಿಲಿಕೋನ್ ಗೋಂದನ್ನು ಪೆಟ್ರೋಲ್ ಇರುವ ಕಡೆ ಎಲ್ಲೂ ಬಳಸಬೇಡಿ. ಪೆಟ್ರೋಲಿಗೆ ಅದು ಊದಿ ಕಿತ್ತುಬರುತ್ತದೆ.

ಪೈಪಿನ ನಿಲ್ದಾಣದಲ್ಲಿ ಹೇಳಿದ್ದು ಇಷ್ಟು. ಎಥನಾಲ್ ತಡೆಯುವ ಹೋಸು, ನುಣುಪಾದ ಕ್ಲಿಪ್ಪು, ಟೇಪು ಇಲ್ಲ, ಗೋಂದು ಇಲ್ಲ. ಮೂರನೆಯದು ಪಂಪು.

ಎಸ್‌ಯು ಪಂಪಿನ ಎದೆಯಲ್ಲಿ ಒಂದು ತೆಳು ಪೊರೆ ಇದೆ. ಡಯಾಫ್ರಾಮ್ ಎನ್ನುತ್ತೇವೆ. ಅದರ ಒಂದು ಪಕ್ಕ ಪೆಟ್ರೋಲ್. ಇನ್ನೊಂದು ಪಕ್ಕ ವಿದ್ಯುತ್ ಸುರುಳಿ, ಅದರಾಚೆ ಕಿಡಿ ಹಾರುವ ಪಾಯಿಂಟುಗಳು. ಪೊರೆ ಹರಿದರೆ ಪೆಟ್ರೋಲ್ ಹೋಗಬಾರದ ಕಡೆ ಹೋಗುತ್ತದೆ. ಬಹಳ ವರ್ಷ ಒಣಗಿ ನಿಂತ ಕಾರಿನಲ್ಲಿ ಪೊರೆ ಮೊದಲೇ ಸೆಟೆದಿರುತ್ತದೆ. ಕಾರು ಹೊರಡಿಸುವ ಆತುರದಲ್ಲಿ ಹಳೆಯ ಪಂಪಿಗೆ ಕರೆಂಟ್ ಕೊಡಬೇಡಿ. ಪೊರೆ, ವಾಲ್ವ್, ವಾಷರುಗಳ ಕಿಟ್ ಸಿಗುತ್ತದೆ. ಬಿಚ್ಚಿ ಬದಲಿಸಿ, ಇಲ್ಲವೇ ಹೊಸ ಪಂಪು ಹಾಕಿ. ಪೈಪು ಸೇರುವಲ್ಲಿನ ವಾಷರುಗಳನ್ನು ಬಿಚ್ಚಿದ ಪ್ರತಿ ಸಲವೂ ಹೊಸದು ಹಾಕಬೇಕು. ಒಮ್ಮೆ ಒತ್ತಿದ ವಾಷರ್ ಮತ್ತೆ ಅದೇ ರೀತಿ ಕೂರುವುದಿಲ್ಲ.

ಇಲ್ಲಿ ಹಲವರು ಜಾರುವ ಜಾಗವಿದೆ. ಹೊಸ ಕಾಲದ ಪಂಪು ಬಲಶಾಲಿ, ಅದನ್ನೇ ಹಾಕೋಣ ಎನ್ನುತ್ತಾರೆ. ಈ ಕಾರಿಗೆ ಬೇಕಾದ ಒತ್ತಡ ಚದರ ಇಂಚಿಗೆ ಸುಮಾರು 3 ಪೌಂಡ್. ಇಂಜೆಕ್ಷನ್ ಕಾರಿನ ಪಂಪು ಅದರ ಹತ್ತು ಪಟ್ಟಿಗೂ ಹೆಚ್ಚು ಒತ್ತುತ್ತದೆ. ಆ ಒತ್ತಡಕ್ಕೆ ಕಾರ್ಬುರೇಟರಿನ ನೀಡಲ್ ತೆರೆದುಕೊಂಡು ಪೆಟ್ರೋಲ್ ಎಂಜಿನ್ ಮೇಲೆಲ್ಲ ಉಕ್ಕುತ್ತದೆ. ಕಾರಿಗೆ ಹೊಂದುವ ಒತ್ತಡದ ಪಂಪನ್ನೇ ಹಾಕಿ.

ಪಂಪಿನಲ್ಲಿ ಪೊರೆ, ವಾಷರ್, ಒತ್ತಡ ಎಂಬ ಮೂರು ಮಾತಾಯಿತು. ಈಗ ಕೊನೆಯ ನಿಲ್ದಾಣ, ಕಾರ್ಬುರೇಟರ್. ಬೆಂಕಿಗೆ ಅತ್ಯಂತ ಹತ್ತಿರದ ಜಾಗ ಇದು.

ಎಂಜಿಬಿಯಲ್ಲಿ ಎರಡು ಎಸ್‌ಯು ಕಾರ್ಬುರೇಟರುಗಳಿವೆ. ಸ್ಕಿನ್ನರ್ಸ್ ಯೂನಿಯನ್ ಎಂಬುದು ಆ ಹೆಸರಿನ ಮೂಲ. ಪಾದರಕ್ಷೆ ವ್ಯಾಪಾರದ ಮನೆತನದ ಸ್ಕಿನ್ನರ್ ಸೋದರರು ಇದನ್ನು ರೂಪಿಸಿ 1910ರಲ್ಲಿ ಕಂಪನಿ ಕಟ್ಟಿದರು. ಮೊದಲ ಮಾದರಿಯಲ್ಲಿ ಚರ್ಮದ ತಿದಿ ಇತ್ತು. ಆಮೇಲೆ ಆ ಜಾಗಕ್ಕೆ ಲೋಹದ ಪಿಸ್ಟನ್ ಬಂತು.

ಪ್ರತಿ ಕಾರ್ಬುರೇಟರಿನ ಪಕ್ಕ ಒಂದು ಸಣ್ಣ ಡಬ್ಬಿ. ಅದು ಫ್ಲೋಟ್ ಚೇಂಬರ್. ನಿಮ್ಮ ಮನೆಯ ತಾರಸಿಯ ನೀರಿನ ಟ್ಯಾಂಕಿನಲ್ಲಿ ಚೆಂಡು ತೇಲಿ ನಲ್ಲಿ ಬಂದ್ ಮಾಡುತ್ತದಲ್ಲ, ಇಲ್ಲಿಯೂ ಅದೇ ಉಪಾಯ. ಪೆಟ್ರೋಲ್ ತುಂಬಿದಂತೆ ಫ್ಲೋಟ್ ತೇಲುತ್ತದೆ. ಮೇಲಿನ ನೀಡಲನ್ನು ಒತ್ತಿ ದಾರಿ ಮುಚ್ಚುತ್ತದೆ. ಮುಚ್ಚದಿದ್ದರೆ ಪೆಟ್ರೋಲ್ ಓವರ್‌ಫ್ಲೋ ಪೈಪಿನಿಂದ ಹೊರಗೆ ಬರುತ್ತದೆ.

ಏಕೆ ಮುಚ್ಚುವುದಿಲ್ಲ? ಮೂರು ಕಾರಣ. ಒಂದು, ನೀಡಲಿನ ಕೆಳಗೆ ತುಕ್ಕಿನ ಕಣ, ಹೋಸಿನ ಪುಡಿ. ಎರಡು, ನೀಡಲಿನ ತುದಿ ಸವೆದಿದೆ. ಮೂರು, ಫ್ಲೋಟ್ ತೂತಾಗಿ ಒಳಗೆ ಪೆಟ್ರೋಲ್ ತುಂಬಿ ಮುಳುಗಿದೆ. ಫ್ಲೋಟನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಒಳಗೆ ದ್ರವದ ಸದ್ದು ಬಂದರೆ ಅದನ್ನು ಬಿಸಾಡಿ. ಮುಚ್ಚಳವನ್ನು ತಲೆಕೆಳಗೆ ಹಿಡಿದಾಗ ಫ್ಲೋಟಿಗೂ ಮುಚ್ಚಳಕ್ಕೂ ನಡುವೆ 3ರಿಂದ 5 ಮಿಲಿಮೀಟರ್ ಸಂದು ಇರಬೇಕು.

ಚೇಂಬರಿನ ತಳದಿಂದ, ಪೆಟ್ರೋಲ್ ಹೊರಚಿಮ್ಮುವ ಜೆಟ್ಟಿಗೆ ಒಂದು ನೈಲಾನ್ ಕೊಳವೆ ಹೋಗುತ್ತದೆ. ಅದು ಚೇಂಬರಿಗೆ ಸೇರುವಲ್ಲಿ ಕಡಲೆಕಾಳಿಗಿಂತ ಚಿಕ್ಕ ರಬ್ಬರ್ ಉಂಗುರ. ಇಡೀ ಕಾರಿನಲ್ಲಿ ಅತ್ಯಂತ ಅಗ್ಗದ ಭಾಗಗಳಲ್ಲಿ ಒಂದು. ಅದು ಸೋರಿದರೆ ಹನಿ ಎಲ್ಲಿ ಬೀಳುತ್ತದೆ ಗೊತ್ತೇ? ಬಿ ಸೀರೀಸ್ ಎಂಜಿನ್ನಿನಲ್ಲಿ ಕಾರ್ಬುರೇಟರ್ ಮತ್ತು ಹೊಗೆ ಹೋಗುವ ಎಕ್ಸಾಸ್ಟ್ ಒಂದೇ ಪಕ್ಕದಲ್ಲಿವೆ. ಮೇಲೆ ಕಾರ್ಬುರೇಟರ್, ಕೆಳಗೆ ಕಾದ ಕಬ್ಬಿಣ. ಅಂಬಾಸಡರಿನಲ್ಲೂ ಇದೇ ಜೋಡಣೆ. ಆದ್ದರಿಂದ ಆ ಉಂಗುರವನ್ನು ಯೋಚಿಸದೆ ಬದಲಿಸಿ. ಕೊಳವೆ ತಿರುಚಿಕೊಳ್ಳದಂತೆ ಕೂರಿಸಿ. ಎಕ್ಸಾಸ್ಟ್ ಮೇಲಿನ ತಗಡಿನ ಕವಚವನ್ನು ತೆಗೆದಿಡಬೇಡಿ. ಓವರ್‌ಫ್ಲೋ ಪೈಪುಗಳ ಬಾಯಿ ಕಾದ ಭಾಗ ದಾಟಿ ಕೆಳಗೆ ತೆರೆಯುವಂತೆ ಇರಲಿ.

ಟ್ಯಾಂಕು, ಪೈಪು, ಪಂಪು, ಕಾರ್ಬುರೇಟರ್. ನಾಲ್ಕೂ ಮುಗಿದವು. ಇನ್ನುಳಿದಿರುವುದು ಪರೀಕ್ಷೆ. ಇದನ್ನು ಬಿಟ್ಟರೆ ಮಾಡಿದ ಕೆಲಸವೆಲ್ಲ ಅರ್ಧ.

ಮೊದಲು ಐದು ಲೀಟರ್ ಮಾತ್ರ ಹಾಕಿ. ಬ್ಯಾಟರಿ ಜೋಡಿಸುವ ಮೊದಲು ಹತ್ತು ನಿಮಿಷ ಕಾದು ಟ್ಯಾಂಕಿನ ಕೆಳಗೆ ನೋಡಿ. ಆಮೇಲೆ ಬ್ಯಾಟರಿ ಜೋಡಿಸಿ ಕೀಲಿ ತಿರುಗಿಸಿ. ಪಂಪಿನ ಬಡಿತ ಕೇಳಿ. ನಿಂತಿತೇ? ಕೀಲಿ ತೆಗೆದು ಪ್ರತಿ ಜೋಡಣೆಗೂ ಬಿಳಿ ಕಾಗದದ ಕರವಸ್ತ್ರ ಒತ್ತಿ ನೋಡಿ. ಒದ್ದೆ ಇಲ್ಲದಿದ್ದರೆ ಎಂಜಿನ್ ಹಾಕಿ. ಜೊತೆಗಾರರು ಸಿಲಿಂಡರ್ ಹಿಡಿದು ನಿಂತಿರಲಿ. ಎಂಜಿನ್ ಬಿಸಿಯಾದ ಮೇಲೆ ಮತ್ತೊಮ್ಮೆ, ಆರಿದ ಮೇಲೆ ಇನ್ನೊಮ್ಮೆ ನೋಡಿ. ಬಿಸಿಯಲ್ಲಿ ಹಿಗ್ಗಿ ತಂಪಿನಲ್ಲಿ ಕುಗ್ಗಿದ ಹೋಸಿನ ಕ್ಲಿಪ್ಪು ಸಡಿಲವಾಗುವುದುಂಟು. ಒಂದು ವಾರದ ನಂತರ ಎಲ್ಲ ಕ್ಲಿಪ್ಪುಗಳನ್ನು ಮತ್ತೆ ನೋಡಿ. ಕೊನೆಗೆ ಟ್ಯಾಂಕನ್ನು ಮುಕ್ಕಾಲು ತುಂಬಿಸಿ ರಾತ್ರಿಯಿಡೀ ಬಯಲಿನಲ್ಲಿ ನಿಲ್ಲಿಸಿ. ಬೆಳಿಗ್ಗೆ ವಾಸನೆ ಇಲ್ಲದಿದ್ದರೆ ಮಾತ್ರ ಕಟ್ಟಡದ ಕೆಳಗೆ ತನ್ನಿ. ಬದಲಿಸಿದ ಹೋಸಿನ ಮೇಲೆ ಇಸವಿ ಬರೆದಿಡಿ. ಐದು ವರ್ಷಕ್ಕೊಮ್ಮೆ, ಚೆನ್ನಾಗಿ ಕಂಡರೂ ಬದಲಿಸಿ.

ಕೇಳುಗರೇ, ಹಳೆಯ ಕಾರನ್ನು ಉಳಿಸುವುದು ಒಳ್ಳೆಯ ಕೆಲಸ. ಧರ್ಮಸ್ಥಳದ ಹಳೆಯ ಕಾರುಗಳ ಸಂಗ್ರಹ ನೋಡಿದವರಿಗೆ ಅದರ ಬೆಲೆ ಗೊತ್ತು. ಅಲ್ಲಿ ಒಂದೊಂದು ಕಾರಿನಲ್ಲೂ ಒಂದು ಕಾಲದ ಕೈಕೆಲಸ ಕಾಣುತ್ತದೆ. ಆದರೆ ನಾವು ಕಾರನ್ನು ರಸ್ತೆಯಲ್ಲಿ ಓಡಿಸುವವರು. ನಮ್ಮ ಪಕ್ಕದಲ್ಲಿ ಮಗು ಕೂರುತ್ತದೆ. ನಮ್ಮ ಹಿಂದೆ ಬೇರೆಯವರ ವಾಹನ ಬರುತ್ತದೆ. ಅವರಾರೂ ನಮ್ಮ ಹೋಸಿನ ವಯಸ್ಸು ಕೇಳಲಾರರು. ಕೇಳಿಕೊಳ್ಳಬೇಕಾದವರು ನಾವು. ಒಂದು ಕಾರಿನ ಬಣ್ಣಕ್ಕೆ ಸುರಿಯುವ ಹಣದ ಒಂದು ಸಣ್ಣ ಪಾಲಿನಲ್ಲಿ ಅದರ ಎಲ್ಲ ಹೋಸು, ವಾಷರ್, ಕ್ಲಿಪ್ಪು, ನೀಡಲ್ ಹೊಸದಾಗುತ್ತವೆ.

ಒಟ್ಟು ಸಾರಾಂಶ ಇಷ್ಟು. ಸೋರಿದ ಒಂದೇ ಜಾಗ ಮುಚ್ಚಬೇಡಿ, ಇಡೀ ದಾರಿ ಹೊಸದು ಮಾಡಿ. ಬ್ಯಾಟರಿ ಕಳಚದೆ ಪೆಟ್ರೋಲ್ ಮುಟ್ಟಬೇಡಿ. ಸೋಪು, ಟೇಪು, ಗೋಂದು ನಂಬಬೇಡಿ. ಬಿಸಿ, ತಂಪು ಎರಡರಲ್ಲೂ ಪರೀಕ್ಷಿಸಿ. ನಿಮ್ಮ ಮನೆಯಲ್ಲಿ ಹಳೆಯ ಕಾರಿದ್ದರೆ ನಾಳೆ ಬೆಳಿಗ್ಗೆ ಬೇರೆ ಕೆಲಸಕ್ಕೆ ಮುಂಚೆ ಅದರ ಹತ್ತಿರ ಹೋಗಿ ಒಮ್ಮೆ ಮೂಸಿ ನೋಡಿ. ವಾಸನೆ ಬಂದರೆ ಆ ಕಾರು ಸರಿಯಾಗುವ ತನಕ ಅದರ ಕೀಲಿ ನಿಮ್ಮ ಜೇಬಿನಲ್ಲೇ ಇರಲಿ.